ಉಳಿದ ಬನ್ನು, ತಂಗಳಿಟ್ಟು ಮತ್ತು ಯಡಿಯೂರಿನ ದಾರಿ

ಯಡಿಯೂರಿಗೆ ಹೊರಟ ದಿನ ನಮ್ಮ ಬ್ಯಾಗಿನಲ್ಲಿ ಒಂದು ಡಜನ್ ಬನ್ನು ಇದ್ದವು. ಬೆಳಗಿನ ಬಸ್ಸು, ದಾರಿಯಲ್ಲಿ ತಿಂಡಿ ಸಿಗುತ್ತದೋ ಇಲ್ಲವೋ ಎಂದು ಕುಣಿಗಲ್ಲಿನಲ್ಲಿ ಕಟ್ಟಿಸಿಕೊಂಡಿದ್ದೆವು. ಐದು ಖಾಲಿಯಾದವು. ಮಧ್ಯಾಹ್ನ ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದ ಸಾಲಿನಲ್ಲಿ ಕೂತು ಅನ್ನ ಸಾರು ಉಂಡೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲೆಯ ಅಂಚಿಗೆ ಸರಿದಿದ್ದ ಅಗುಳನ್ನೂ ಬಿಡದೆ ಬಳಿದು ಉಂಡದ್ದನ್ನು ನೋಡಿದ್ದೆವು.

ಮಾರನೇ ದಿನ ರೂಮಿನಲ್ಲಿ ಬ್ಯಾಗು ಬಿಚ್ಚಿದಾಗ ಏಳು ಬನ್ನು ಹಾಗೇ ಇದ್ದವು. ಗಟ್ಟಿಯಾಗಿದ್ದವು, ಹಳಸಿರಲಿಲ್ಲ. ಆದರೂ ನಮ್ಮಲ್ಲೊಬ್ಬರ ಕೈ ಆಗಲೇ ಕಸದ ಬುಟ್ಟಿಯ ಕಡೆ ಹೋಗಿತ್ತು. ನಿನ್ನೆ ಒಂದು ಅಗುಳನ್ನೂ ಚೆಲ್ಲದವರು ಇವತ್ತು ಏಳು ಬನ್ನು ಎಸೆಯಲು ಹೊರಟಿದ್ದೆವು. ಅದೇ ಏಳು ಮುದ್ದೆ ಉಳಿದಿದ್ದರೆ ಎಸೆಯುತ್ತಿದ್ದೆವಾ? ಮನೆಯಲ್ಲಿ ಅಜ್ಜಿ ಬಿಡುತ್ತಿದ್ದರಾ? ಈ ಪ್ರಶ್ನೆಯ ಹಿಂದೆ ಬಿದ್ದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಜ್ವರ ಬಂದವರ ಊಟ

ನಮ್ಮ ಊರುಗಳಿಗೆ ಬ್ರೆಡ್ಡು ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. ಅಪ್ಪ ಪೇಟೆಯಿಂದ ಬ್ರೆಡ್ಡು ತಂದರೆ ಅಕ್ಕಪಕ್ಕದವರು ಮೊದಲು ಕೇಳುತ್ತಿದ್ದದ್ದು 'ಯಾರಿಗೆ ಹುಷಾರಿಲ್ಲ?' ಎಂದೇ. ಹಾಲಲ್ಲಿ ಅದ್ದಿದ ಎರಡು ಹೋಳು ಜ್ವರದವರಿಗೆ, ಬಾಣಂತಿಗೆ ರಸ್ಕು, ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಬನ್ನು. ಇದು ದಿನದ ಊಟವಾಗಿರಲಿಲ್ಲ. ಹಾಗಾಗಿ ಉಳಿದರೆ ಏನು ಮಾಡಬೇಕು ಎಂಬ ತಿಳಿವಳಿಕೆ ನಮ್ಮ ಅಡುಗೆಮನೆಗಳಲ್ಲಿ ಬೆಳೆಯಲೇ ಇಲ್ಲ. ಉಳಿದ ಅನ್ನಕ್ಕೆ ಚಿತ್ರಾನ್ನ ಇತ್ತು, ಉಳಿದ ಇಡ್ಲಿಗೆ ಒಗ್ಗರಣೆ ಇತ್ತು. ಉಳಿದ ಬನ್ನಿಗೆ ಏನೂ ಇರಲಿಲ್ಲ.

ರೊಟ್ಟಿಯೇ ಊಟವಾದ ದೇಶಗಳಲ್ಲಿ ಹೀಗಲ್ಲ. ಫ್ರಾನ್ಸಿನವರು ಒಣಗಿದ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ನೆನೆಸಿ ಕಾಯಿಸಿ, ಅದಕ್ಕೆ 'ಕಳೆದುಹೋದ ರೊಟ್ಟಿ' ಎಂಬರ್ಥದ ಹೆಸರಿಟ್ಟಿದ್ದಾರೆ. ಇಟಲಿಯವರು ಟೊಮೆಟೊ, ಈರುಳ್ಳಿ, ಎಣ್ಣೆಯ ಜೊತೆ ಕಲಸುತ್ತಾರೆ. ರಷ್ಯಾದವರು ಹಳೇ ರೈ ಬ್ರೆಡ್ಡನ್ನು ಹುಳಿಬರಿಸಿ ಕ್ವಾಸ್ ಎಂಬ ಪಾನೀಯ ಮಾಡುತ್ತಾರೆ. ದೂರ ಯಾಕೆ, ಹೈದರಾಬಾದಿನ ಮದುವೆ ಊಟದ ಡಬಲ್ ಕಾ ಮೀಠಾ ಎಂದರೆ ತುಪ್ಪದಲ್ಲಿ ಕರಿದು ಸಕ್ಕರೆ ಪಾಕ, ಹಾಲಲ್ಲಿ ಅದ್ದಿದ ಬ್ರೆಡ್ಡು. ಬ್ರೆಡ್ಡಿಗೆ ಡಬಲ್ ರೊಟ್ಟಿ ಎಂಬ ಹೆಸರಿದೆಯಲ್ಲ, ಆ 'ಡಬಲ್' ಇದು.

ಹಾಸನದಿಂದ ಬೆಂಗಳೂರಿಗೆ

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಸೈನಿಕರಿಗೆ ಬ್ರೆಡ್ಡು ಬೇಕು, ಬ್ರೆಡ್ಡಿಗೆ ಒಲೆ ಬೇಕು. ಹಾಗಾಗಿ ಬ್ರೆಡ್ಡು ಬಹಳ ಕಾಲ ದಂಡಿನ ಕಡೆಯ ತಿನಿಸಾಗಿಯೇ ಉಳಿಯಿತು. ಪೇಟೆಯ ಮಡಿವಂತರಿಗೆ ಅದರ ಮೇಲೆ ಅನುಮಾನ. ಹಿಟ್ಟು ಹುಳಿ ಬರಲು ಹೆಂಡ ಹಾಕುತ್ತಾರಂತೆ, ಮೊಟ್ಟೆ ಹಾಕುತ್ತಾರಂತೆ, ಮಾಡುವವರು ಯಾವ ಜಾತಿಯೋ ಎಂಬ ಮಾತುಗಳು. ಹೆಂಡದಿಂದ ಹುಳಿಬರಿಸುವುದು ಸುಳ್ಳೇನಲ್ಲ. ಈಸ್ಟು ಸುಲಭವಾಗಿ ಸಿಗದ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಕಡೆ ರೊಟ್ಟಿ ಉಬ್ಬುತ್ತಿದ್ದದ್ದು ಹೆಂಡದಿಂದಲೇ.

ಈ ಗೋಡೆ ಬಿರುಕು ಬಿಟ್ಟದ್ದು ಅಯ್ಯಂಗಾರ್ ಬೇಕರಿಗಳಿಂದ. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅಂಗಡಿಗೆ ಬರುತ್ತಿದ್ದ ಇಂಗ್ಲಿಷರೊಬ್ಬರು ಬ್ರೆಡ್ಡು ಸುಡುವುದನ್ನು ಕಲಿಸಿದರು ಎಂಬ ಕಥೆ ಇವತ್ತಿಗೂ ಪ್ರಚಲಿತದಲ್ಲಿದೆ. ಮೊಟ್ಟೆ ಇಲ್ಲದ, ಬ್ರಾಹ್ಮಣರು ಮಾಡಿದ ಬ್ರೆಡ್ಡು ಎಂಬ ಭರವಸೆ ಆ ಹೆಸರಿಗಿತ್ತು. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ನೆಂಟರ ಬೇಕರಿಗೆ ಕೆಲಸಕ್ಕೆ ಬಂದರು, ಕಲಿತು ತಮ್ಮದೇ ಅಂಗಡಿ ಹಾಕಿದರು. ಇವತ್ತು ಆ ಬೋರ್ಡು ಇಲ್ಲದ ಪೇಟೆ ಕರ್ನಾಟಕದಲ್ಲಿ ಕಡಿಮೆ.

ಆ ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿ ಯಾವುದು? ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಈಗಿನ ರಾಷ್ಟ್ರೀಯ ಹೆದ್ದಾರಿ 75. ದಾಸೋಹದ ಊರು ಬೇಕರಿಯವರ ದಾರಿಯಲ್ಲೇ ಇದೆ. ಯಡಿಯೂರಿನ ಕಥೆ ಮತ್ತು ಬನ್ನಿನ ಕಥೆ ಒಂದೇ ರಸ್ತೆಯ ಮೇಲಿವೆ ಎಂದು ನಮಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ ಬರುವಾಗಲ್ಲ, ಆ ಏಳು ಬನ್ನನ್ನು ಎದುರಿಗಿಟ್ಟುಕೊಂಡು ಕೂತಾಗ.

ನಿನ್ನೆಯದನ್ನು ಮಾರುವ ವಿದ್ಯೆ

ಮಡಿ ಇರುವ ಮನೆಗಳಲ್ಲಿ ಬೇಯಿಸಿದ ಅನ್ನ ಮುಸುರೆ. ರಾತ್ರಿ ಕಳೆದರೆ ಅದು ತಂಗಳು, ದೇವರಿಗೂ ಇಲ್ಲ, ಹಿರಿಯರಿಗೂ ಇಲ್ಲ. ಅಂಥ ಮನೆಗಳಿಂದ ಬಂದವರು ಹಿಡಿದ ಕಸುಬು ಮಾತ್ರ ಹಿಂದಿನ ದಿನ ಕಲಸಿ, ಇವತ್ತು ಸುಟ್ಟು, ನಾಳೆ ನಾಡಿದ್ದಿನವರೆಗೆ ಮಾರುವಂಥದ್ದು. ಇದನ್ನು ನಾವು ಕುಹಕಕ್ಕೆ ಹೇಳುತ್ತಿಲ್ಲ. ಹೊಟ್ಟೆಪಾಡು ಎಷ್ಟೋ ಮಡಿಗಳನ್ನು ಸದ್ದಿಲ್ಲದೆ ಸಡಿಲಿಸುತ್ತದೆ.

ಬೇಕರಿಯಲ್ಲಿ ಉಳಿಕೆಯೇ ದೊಡ್ಡ ಲೆಕ್ಕ. ಸೌದೆ ಒಲೆಯನ್ನು ನೋಡಿ. ಒಂದು ಸಲ ಚೆನ್ನಾಗಿ ಕಾದ ಇಟ್ಟಿಗೆ ಒಲೆ ಗಂಟೆಗಟ್ಟಲೆ ಕಾವು ಬಿಡುತ್ತಲೇ ಇರುತ್ತದೆ. ಜೋರು ಕಾವಿಗೆ ಬ್ರೆಡ್ಡು, ಬನ್ನು. ಸ್ವಲ್ಪ ಇಳಿದ ಮೇಲೆ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು. ಕೊನೆಗೆ ಆರುತ್ತಿರುವ ಒಲೆಯಲ್ಲಿ ಹೋಳು ಮಾಡಿದ ಬ್ರೆಡ್ಡನ್ನು ಇಟ್ಟರೆ ಬೆಳಗಾಗುವುದರೊಳಗೆ ರಸ್ಕು. ಈಗ ರಸ್ಕಿಗೆಂದೇ ಸಿಹಿ ಬ್ರೆಡ್ಡು ಸುಡುತ್ತಾರೆ, ಆದರೆ ಅದರ ಮೂಲದ ಉಪಾಯ ಇದೇ: ಉಳಿದ ರೊಟ್ಟಿಯ ನೀರನ್ನು ಉಳಿದ ಕಾವಿನಿಂದ ತೆಗೆಯುವುದು. ಉತ್ತರ ಕರ್ನಾಟಕದ ಕಟಕ ರೊಟ್ಟಿಯೂ ಇದೇ ನಂಟಿನದು. ನೀರು ಹೋದರೆ ಬೂಷ್ಟು ಬರುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ.

ಬೇಕರಿಯ ಮಸಾಲೆ ಟೋಸ್ಟನ್ನೂ ನೆನಪಿಸಿಕೊಳ್ಳಿ. ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿಯ ಪಲ್ಯ ಹೊತ್ತು ಕಾವಲಿ ಮೇಲೆ ಗರಿಗರಿಯಾಗುವ ಆ ಹೋಳಿಗೆ ತೀರಾ ಮೆತ್ತನೆಯ ಬ್ರೆಡ್ಡು ಆಗುವುದಿಲ್ಲ, ಒಂದು ದಿನ ಕಳೆದದ್ದೇ ಚೆಂದ.

ಮೈದಾ ಅಗ್ಗವಾದ ಕಾಲ

ನಮ್ಮ ಸೀಮೆ ರಾಗಿಯದು. ಕೊಯ್ದ ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಆ ಹಗೇವುಗಳೂ ಬರಿದಾದವು. ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ ಹತ್ತಿರಹತ್ತಿರ 10 ಲಕ್ಷ ಜನ ಇಲ್ಲವಾದರು. ಉಂಡ ಮೇಲೆ ತಟ್ಟೆ ಬಳಿಯುವ, ಪಾತ್ರೆಗೆ ನೀರು ಹಾಕಿ ಕುಡಿಯುವ ನಮ್ಮ ಹಿರಿಯರ ಅಭ್ಯಾಸದ ಹಿಂದೆ ಭಕ್ತಿಯ ಜೊತೆ ಈ ಭಯವೂ ಇದ್ದೀತು.

ಗೋಧಿ ದಿನದ ಮಾತಾದದ್ದು ಸ್ವಾತಂತ್ರ್ಯ ಬಂದ ಮೇಲೆ. 1956ರಿಂದ ಪಿಎಲ್ 480 ಒಪ್ಪಂದದಡಿ ಅಮೆರಿಕದ ಗೋಧಿ ಹಡಗು ಹಡಗಾಗಿ ಬಂತು. 1965ರಲ್ಲಿ ಸರ್ಕಾರವೇ ಮಾಡರ್ನ್ ಬೇಕರೀಸ್ ಕಂಪನಿ ಕಟ್ಟಿತು. ಮೇಣದ ಕಾಗದ ಸುತ್ತಿದ ಅದರ ಬ್ರೆಡ್ಡು ಸಣ್ಣ ಪೇಟೆಗಳನ್ನೂ ಮುಟ್ಟಿತು. 2000ದಲ್ಲಿ ಅದರ ಶೇಕಡ 74 ಪಾಲು ಹಿಂದೂಸ್ತಾನ್ ಲಿವರ್‌ಗೆ ಮಾರಾಟವಾಯಿತು. ಅಷ್ಟರಲ್ಲಿ ಹಸಿರು ಕ್ರಾಂತಿಯ ಗೋಧಿ ಬಂದಿತ್ತು, ಬಸ್ ಸ್ಟ್ಯಾಂಡಿಗೊಂದು ಬೇಕರಿ ಬಂದಿತ್ತು. ಜ್ವರದವರ ಬನ್ನು ಗಾರೆ ಕೆಲಸದವರ, ಲಾರಿ ಡ್ರೈವರುಗಳ, ಬೆಳಗ್ಗೆ ಬಸ್ಸು ಹಿಡಿಯುವ ಕಾಲೇಜು ಹುಡುಗರ ತಿಂಡಿಯಾಯಿತು. ಅಗ್ಗವಾದದ್ದಕ್ಕೆ ಗೌರವ ಕಡಿಮೆ. ಎಸೆಯುವುದು ಶುರುವಾದದ್ದು ಅಲ್ಲಿಂದ ಎಂದು ನಮ್ಮ ಅನಿಸಿಕೆ.

ತಂಗಳನ್ನು ಯಾರು ಉಂಡರು

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತೇವೆ, ರಾತ್ರಿ ಉಳಿದದ್ದು ತಂಗಳಿಟ್ಟು. ಬೆಳಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುವುದು ರೈತರ ಮನೆಯ ಸುಖಗಳಲ್ಲೊಂದು. ಆದರೆ ಅದೇ ತಂಗಳಿಟ್ಟು ಜೀತದಾಳಿನ ಪಾಲಿಗೆ ಸುಖವಾಗಿರಲಿಲ್ಲ. ಬಿಸಿಯದು ಒಡೆಯರಿಗೆ, ಉಳಿದದ್ದು ಆಳಿಗೆ. ಹಿತ್ತಲ ಬಾಗಿಲಲ್ಲಿ, ಮೇಲಿಂದ ಹಾಕಿಸಿಕೊಂಡು ಉಣ್ಣಬೇಕಿತ್ತು. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅಂದರೆ ನಮ್ಮ ಅಪ್ಪ ಅಮ್ಮಂದಿರು ಶಾಲೆಗೆ ಹೋಗುತ್ತಿದ್ದ ಕಾಲ. ನಮ್ಮಲ್ಲೇ ಒಬ್ಬರ ಮನೆಯಲ್ಲಿ ತಂಗಳು ಎಂಬ ಪದವನ್ನು ಇವತ್ತಿಗೂ ಯಾರೂ ಖುಷಿಯಿಂದ ಹೇಳುವುದಿಲ್ಲ. ಬಿಸಿ ಅಡುಗೆ ಉಣ್ಣುವುದೇ ಅವರಿಗೆ ಗೆದ್ದ ಹಕ್ಕು.

ಹಾಗಾಗಿ 'ಉಳಿದದ್ದನ್ನು ತಿನ್ನಿ' ಎಂದು ಉಪದೇಶ ಮಾಡುವ ಮೊದಲು ಯಾರಿಗೆ ಹೇಳುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಇಲ್ಲಿ ನಮಗೆ ದಾಸೋಹ ಎಂಬ ಪದ ನೆರವಾಯಿತು. ಹನ್ನೆರಡನೇ ಶತಮಾನದ ಶರಣರು ದಾನ ಎನ್ನದೆ ದಾಸೋಹ ಎಂದರು. ಕೊಡುವವನು ಮೇಲಲ್ಲ, ದಾಸ. ಸುಮಾರು ಮೂರು ನಾಲ್ಕು ನೂರು ವರ್ಷಗಳ ನಂತರ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು ತೋಟದ ಸಿದ್ಧಲಿಂಗರೆನಿಸಿಕೊಂಡವರು, 701 ವಚನಗಳನ್ನು ಬರೆದವರು, ಅದೇ ಪರಂಪರೆಯನ್ನು ಈ ಸೀಮೆಯಲ್ಲಿ ಊರಿದರು. ಅವರ ಗದ್ದುಗೆ ಇರುವ ಯಡಿಯೂರಿನಲ್ಲಿ, ಇತ್ತ ತುಮಕೂರಿನ ಸಿದ್ಧಗಂಗೆಯಲ್ಲಿ, ಪ್ರಸಾದದ ಸಾಲಿನಲ್ಲಿ ಬಡವನಿಗೆ ಬೇರೆ ಪಾತ್ರೆ ಇಲ್ಲ. ಉಳಿಕೆಯ ವಿಷಯದಲ್ಲೂ ನಿಯಮ ಅದೇ ಆಗಬೇಕು. ನಾವು ತಿನ್ನಲಾರದ್ದನ್ನು ಮನೆಗೆಲಸದವರಿಗೆ ಕಟ್ಟಿಕೊಡುವುದು ಮಿತವ್ಯಯವಲ್ಲ. ಉಳಿದದ್ದನ್ನು ಮತ್ತೆ ರುಚಿ ಮಾಡಿ, ಮೊದಲು ನಾವೇ ಬಡಿಸಿಕೊಂಡು, ಜೊತೆಗೆ ಕೂತು ತಿನ್ನಬೇಕು.

ಏಳು ಬನ್ನು ಏನಾದವು

ಮೊದಲು ಒಂದು ವಿಷಯ ತಿಳಿದಿರಲಿ. ಬನ್ನು ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ. ಬೆಂದಾಗ ನೀರು ಹೀರಿ ಮೆತ್ತಗಾದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ. ಆರಿದ ಮುದ್ದೆ ಗಟ್ಟಿಯಾಗುವುದೂ ಹಾಗೇ. ಫ್ರಿಜ್ಜಿನಲ್ಲಿಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಸ್ವಲ್ಪ ನೀರು, ಸ್ವಲ್ಪ ಕಾವು ಕೊಟ್ಟರೆ ಬಿಗಿ ಬಿಡುತ್ತದೆ. ಬೂಷ್ಟು ಬಂದದ್ದು ಮಾತ್ರ ಬೇರೆ ಮಾತು. ಒಂದು ಚುಕ್ಕೆ ಕಂಡರೂ ಆ ಬನ್ನು ಯಾರ ಹೊಟ್ಟೆಗೂ ಬೇಡ, ಹಸುವಿಗೂ ಬೇಡ.

ಮೂರು ಬನ್ನನ್ನು ಸಣ್ಣಗೆ ಹೆಚ್ಚಿ, ನೀರು ಚಿಮುಕಿಸಿ, ಸಾಸಿವೆ, ಕಡ್ಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಹಾಕಿ, ಅರಿಶಿನ ಉಪ್ಪು ಬೆರೆಸಿ, ಮೇಲೆ ನಿಂಬೆಹಣ್ಣು ಹಿಂಡಿದೆವು. ಇದು ಚಿತ್ರಾನ್ನದ ದಾರಿ. ಬನ್ನಿನ ಸಿಹಿಗೆ ಹುಳಿ ಖಾರ ಸ್ವಲ್ಪ ಮುಂದಿರಬೇಕು.

ಎರಡನ್ನು ಹೋಳು ಮಾಡಿ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಪುಡಿ ಮಾಡಿದೆವು. ಅರ್ಧಕ್ಕೆ ಪುಡಿಬೆಲ್ಲ, ಕೊಬ್ಬರಿ ತುರಿ, ಏಲಕ್ಕಿ, ಒಂದು ಚಮಚ ತುಪ್ಪ. ಬಯಲುಸೀಮೆಯವರು ಚಪಾತಿ ಕುಟ್ಟಿ ಮಾಡುವ ಮಾದಲಿಯ ಬಡ ತಮ್ಮ ಅನ್ನಬಹುದು. ಕೊಬ್ಬರಿಗೆ ಹೆಸರಾದ ಜಿಲ್ಲೆಯಲ್ಲಿ ಇದಕ್ಕೆ ಕೊರತೆಯೇನು? ಇನ್ನರ್ಧ ಆಲೂಗಡ್ಡೆ ಕಟ್ಲೆಟ್ಟಿಗೆ ಮೆತ್ತಿಕೊಂಡಿತು.

ಉಳಿದ ಎರಡನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸಿ, ಶುಂಠಿ, ಕೊತ್ತಂಬರಿ, ಇಂಗಿನ ಒಗ್ಗರಣೆ ಕೊಟ್ಟೆವು. ತಂಗಳಿಟ್ಟಿನ ರುಚಿ ಬರುವುದಿಲ್ಲ, ಆ ಆಸೆ ಬೇಡ. ಆದರೆ ಮಧ್ಯಾಹ್ನದ ಬಿಸಿಲಿಗೆ ಹಿತವಾಗಿತ್ತು.

ಮಂಗಳೂರು ಬನ್ಸ್ ಹುಟ್ಟಿದ್ದು ಕಳಿತು ಕಪ್ಪಾದ ಬಾಳೆಹಣ್ಣಿನಿಂದ, ಎಂಟಿಆರ್‌ನವರ ರವೆ ಇಡ್ಲಿ ಎರಡನೇ ಮಹಾಯುದ್ಧದ ಅಕ್ಕಿ ಅಭಾವದಿಂದ ಎನ್ನುತ್ತಾರೆ. ನಮ್ಮ ಬನ್ನಿನ ಒಗ್ಗರಣೆಗೆ ಅಂಥ ಹೆಸರೇನೂ ಬೇಕಿಲ್ಲ. ನಮ್ಮಲ್ಲೊಬ್ಬರ ಅಮ್ಮನಿಗೆ ಫೋನು ಮಾಡಿ ಹೇಳಿದೆವು. ತಂಗಳು ಎಂದರೆ ಮುಖ ಗಂಟಿಕ್ಕುವ ಅದೇ ಮನೆ. ಬಿಸಿ ಬಿಸಿ ಮಾಡಿದ್ರಾ, ಎಲ್ಲರೂ ಒಟ್ಟಿಗೆ ತಿಂದ್ರಾ ಎಂದು ಎರಡೇ ಪ್ರಶ್ನೆ ಕೇಳಿದರು. ಹೌದು ಎಂದೆವು. ಹಾಗಾದರೆ ಸರಿ ಅಂದರು.