ಮೂರು ಗಾಲಿ ಹೋಯಿತು, ಎಂಜಿನ್ ಉಳಿಯಿತು

1960ರ ದಶಕದ ಕೊನೆಗೆ ಅಮೆರಿಕದ ಹೊಂಡಾ ಡೀಲರುಗಳಿಗೆ ಚಳಿಗಾಲವೆಂದರೆ ನೊಣ ಹೊಡೆಯುವ ಕಾಲ. ಹಿಮ ಬಿದ್ದ ರಸ್ತೆಯಲ್ಲಿ ಬೈಕ್ ಕೊಳ್ಳುವವರು ಯಾರು? ಆ ತಿಂಗಳುಗಳಲ್ಲಿ ಮಾರಲು ಏನಾದರೂ ಕೊಡಿ ಎಂಬ ಬೇಡಿಕೆ ಜಪಾನಿನ ಎಂಜಿನಿಯರ್ ಒಸಾಮು ತಾಕೆಉಚಿ ಅವರ ಪಾಲಿಗೆ ಬಂತು. ಎರಡರಿಂದ ಆರು ಗಾಲಿಯವರೆಗೆ ಎಲ್ಲವನ್ನೂ ಪರೀಕ್ಷಿಸಿದ ಅವರು ಮೂರನ್ನು ಆರಿಸಿಕೊಂಡರು. 1970ರಲ್ಲಿ ಯುಎಸ್ 90 ಹೊರಬಂತು. ಮುಂದೆ ಅದೇ ಎಟಿಸಿ 90. ಬೆಲೆ 595 ಡಾಲರ್. ಸಸ್ಪೆನ್ಷನ್ ಇಲ್ಲ, ಕುಲುಕಾಟವೆಲ್ಲ 22 ಅಂಗುಲದ ಬಲೂನು ಟೈರುಗಳ ಪಾಲು. ಮರುವರ್ಷ 'ಡೈಮಂಡ್ಸ್ ಆರ್ ಫಾರೆವರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಅದನ್ನೇರಿ ಮರುಭೂಮಿಯಲ್ಲಿ ಪರಾರಿಯಾದ. ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ?

ಗಾಡಿ ಹೊಸದು, ಎಂಜಿನ್ ಅಲ್ಲ. 1958ರ ಸೂಪರ್ ಕಬ್‌ನಿಂದ ಬೆಳೆದುಬಂದ ಮಲಗಿದ ಸಿಲಿಂಡರಿನ ಮನೆತನ ಅದು: 89 ಸಿಸಿ, 7 ಅಶ್ವಶಕ್ತಿ, ಕೈ ಕ್ಲಚ್ಚಿಲ್ಲ, ಹಗ್ಗ ಎಳೆದರೆ ಸ್ಟಾರ್ಟ್.

ಇದರ ರಿಪೇರಿಗೆ ದೊಡ್ಡ ವರ್ಕ್‌ಶಾಪ್ ಬೇಕಿರಲಿಲ್ಲ. ಆಯಿಲ್ ಸೋಸಲು ಕಾಗದದ ಫಿಲ್ಟರೂ ಇಲ್ಲ. ಕ್ರ್ಯಾಂಕಿನ ತುದಿಯಲ್ಲಿ ಗಿರಗಿರನೆ ತಿರುಗುವ ಬಟ್ಟಲೊಂದು ಭಾರದ ಕೊಳೆಯನ್ನೆಲ್ಲ ತನ್ನ ಗೋಡೆಗೆ ಎಸೆಯುತ್ತದೆ. ವರ್ಷಗಟ್ಟಲೆ ಮುಟ್ಟದ ಬಟ್ಟಲು ಬಿಚ್ಚಿದರೆ ಒಣಸೆಗಣಿಯಂಥ ಕಪ್ಪು ಪದರ. ಕೆರೆದು, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂಡಿಸಿದರಾಯಿತು. ಋತುವಿಗೊಮ್ಮೆ ಓಡುವ ಗಾಡಿಯಾದ್ದರಿಂದ ಕಾರ್ಬುರೇಟರಿನಲ್ಲಿ ನಿಂತ ಪೆಟ್ರೋಲು ಅಂಟಾಗಿ ಸ್ಲೋ ಜೆಟ್ಟಿನ ಸೂಜಿರಂಧ್ರ ಮುಚ್ಚುವುದು ಮಾಮೂಲು ಕಾಯಿಲೆ.

ಟ್ಯಾಪೆಟ್ ಸೆಟ್ಟಿಂಗ್ ಸ್ವಲ್ಪ ನಾಜೂಕು. ಎಂಜಿನ್ ತಣ್ಣಗಿರಬೇಕು, ಮ್ಯಾಗ್ನೆಟ್ಟಿನ 'ಟಿ' ಗುರುತು ಸರಿಯಾಗಿ ಕೂಡಿ ಎರಡೂ ವಾಲ್ವ್ ಮುಚ್ಚಿರಬೇಕು. ಆಗ ಬಿಡಬೇಕಾದ ಸಂದು 0.05 ಮಿಲಿಮೀಟರ್, ಫೀಲರ್ ಗೇಜ್ ಸ್ವಲ್ಪ ಹಿಡಿದು ಜಾರಬೇಕು. ಸಡಿಲವಾದರೆ ಟಕಟಕ ಸದ್ದು, ಅಷ್ಟೆ. ಬಿಗಿಯಾದರೆ ಸದ್ದೇ ಇಲ್ಲ, ವಾಲ್ವ್ ಕೂರದೆ ಕಂಪ್ರೆಷನ್ ಸೋರಿ, ಕೊನೆಗೆ ವಾಲ್ವೇ ಸುಡುತ್ತದೆ. ಹೆದರಬೇಕಾದ್ದು ಸದ್ದಿಲ್ಲದ ಟ್ಯಾಪೆಟ್ಟಿಗೆ.

ಗಾಡಿಯನ್ನು ಮುಳುಗಿಸಿದ್ದು ಎಂಜಿನ್ನಲ್ಲ, ಗಾಲಿ. ಹಿಂದಿನ ಆಕ್ಸಲ್ ಗಟ್ಟಿ, ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮೈಭಾರ ಸರಿಸಲು ಬಾರದವರು ಉರುಳಿದರು. ಸತ್ತವರಲ್ಲಿ ಮಕ್ಕಳೂ ಇದ್ದರು. 1988ರಲ್ಲಿ ಅಮೆರಿಕ ಸರ್ಕಾರದ ಜತೆಗಿನ ಒಪ್ಪಂದದಂತೆ ಕಂಪನಿಗಳು ಮೂರು ಗಾಲಿಯ ಮಾರಾಟ ನಿಲ್ಲಿಸಿದವು. ಅಷ್ಟರಲ್ಲಿ ಸುಝುಕಿಯ ನಾಲ್ಕು ಗಾಲಿಯ ಕ್ವಾಡ್‌ರನ್ನರ್ ಬಂದಾಗಿತ್ತು.

ಎಂಜಿನ್ ವಂಶ ಮಾತ್ರ ಬೆಳೆಯುತ್ತಲೇ ಹೋಯಿತು. ಚೀನಾದ ಕಾರ್ಖಾನೆಗಳು ಅದನ್ನೇ ನಕಲಿಳಿಸಿ 110 ಸಿಸಿ ಮಕ್ಕಳ ಕ್ವಾಡ್‌ಗಳಿಗೆ ಕೂಡಿಸಿದವು. 1985ರಲ್ಲಿ ಭಾರತಕ್ಕೆ ಬಂದ ಹೀರೋ ಹೊಂಡಾ ಸಿಡಿ 100, ಆಮೇಲಿನ ಸ್ಪ್ಲೆಂಡರ್ ಕೂಡ ಇದೇ ಬಳ್ಳಿಯ ಕಾಯಿಗಳು: 97.2 ಸಿಸಿ, ಮಲಗಿದ ಸಿಲಿಂಡರ್. ಸ್ಪ್ಲೆಂಡರ್ ಬಿಚ್ಚಿ ಕೈ ಪಳಗಿದ ನಮ್ಮೂರ ಮೆಕ್ಯಾನಿಕ್ಕಿಗೆ ಇಂಥ ಕ್ವಾಡ್‌ನ ಸೈಡ್ ಕವರ್ ತೆಗೆದರೆ ಕಾಣುವುದು ಹೆಚ್ಚುಕಡಿಮೆ ಗೊತ್ತಿರುವ ಸಾಮಾನೇ.