ತೆಂಗಿನ ಸೀಮೆಯ ಶಾಲೆ ಮತ್ತು ಕಸುಬಿನ ಪಾಠ

ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿರುವ ಅಮ್ಮಸಂದ್ರ ಎಂದರೆ ಹೊರಗಿನವರಿಗೆ ನೆನಪಾಗುವುದು ಸಿಮೆಂಟ್ ಕಾರ್ಖಾನೆ. 1958ರಲ್ಲಿ ಹುಟ್ಟಿದ ಮೈಸೂರು ಸಿಮೆಂಟ್ಸ್ ಕಂಪನಿ ಅದನ್ನು ಕಟ್ಟಿತು. 2006ರಲ್ಲಿ ಕಂಪನಿಯು ಜರ್ಮನಿಯ ಹೈಡೆಲ್‌ಬರ್ಗ್ ಸಂಸ್ಥೆಯ ಕೈಸೇರಿತು. ಸುತ್ತಲೂ ತೆಂಗಿನ ತೋಟಗಳು. ಕಾರ್ಖಾನೆಗೆ ಫಿಟ್ಟರ್, ಎಲೆಕ್ಟ್ರೀಷಿಯನ್ ಬೇಕು. ತೋಟಕ್ಕೆ ಮರ ಹತ್ತುವವರು, ಕಾಯಿ ಸುಲಿಯುವವರು ಬೇಕು. ಇವೆರಡರ ನಡುವಿನ ಪ್ರೌಢಶಾಲೆ ಮಕ್ಕಳನ್ನು ಯಾವುದಕ್ಕೆ ಸಿದ್ಧಪಡಿಸಬೇಕು?

ಪ್ರಶ್ನೆ ಹಳೆಯದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕರೆದ ಸಮ್ಮೇಳನದ ಬಳಿಕ ಡಾ. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಮೂಲಶಿಕ್ಷಣದ ಪಠ್ಯಕ್ರಮ ರೂಪಿಸಿತು. ಕಸುಬನ್ನು ಪಾಠಕ್ಕೆ ಅಂಟಿಸುವುದಲ್ಲ, ಕಸುಬಿನ ಮೂಲಕವೇ ಪಾಠ ಕಲಿಸುವುದು ಅದರ ತಿರುಳು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಬೇಕೆಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಶಾಲೆಗಳಲ್ಲಿ ಅದು ಬಹುಮಟ್ಟಿಗೆ ವಾರದ ಒಂದು ಪೀರಿಯಡ್ಡಿಗೆ ಇಳಿಯಿತು. ಪಿ.ಯು. ಮಟ್ಟದಲ್ಲಿ ಬಂದ ಉದ್ಯೋಗಾಧಾರಿತ ಕೋರ್ಸುಗಳೂ 'ಓದು ಹತ್ತದವರಿಗೆ' ಎಂಬ ಹಣೆಪಟ್ಟಿ ಹೊತ್ತು ಕ್ರಮೇಣ ಮುಚ್ಚಿಹೋದವು.

ಸೋಲಿನ ಗುಟ್ಟು ಆ ಹಣೆಪಟ್ಟಿಯಲ್ಲೇ ಇದೆ. ಕಸುಬು ಬಡವರ ಮಕ್ಕಳಿಗೆ, ವಿಜ್ಞಾನ ಉಳ್ಳವರ ಮಕ್ಕಳಿಗೆ ಎಂದು ಹಂಚಿದರೆ, ಮರ ಹತ್ತುವವನ ಮಗ ಮರದಲ್ಲೇ ಉಳಿಯುತ್ತಾನೆ. ಅದು ದಾರಿಯಲ್ಲ, ಬೇಲಿ.

ಕಸುಬಿನಲ್ಲಿ ವಿದ್ಯೆಗೇನು ಕೊರತೆ? ತಿಪಟೂರಿನ ಉಂಡೆ ಕೊಬ್ಬರಿಯನ್ನೇ ನೋಡಿ. ಬಲಿತ ಕಾಯಿ ಸುಮಾರು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ತೇವಾಂಶ, ತೂಕ, ಮಾರುಕಟ್ಟೆಯ ಏರಿಳಿತ, ವರ್ಷವಿಡೀ ಕಾಯಬೇಕಾದ ಬಂಡವಾಳ: ಇದರಲ್ಲಿ ವಿಜ್ಞಾನವೂ ಇದೆ, ಗಣಿತವೂ ಇದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಇಲ್ಲಿಗೂ ಹಬ್ಬಿದಾಗ ಬೇಕಾದದ್ದು ಇಂಥ ತಿಳಿವಳಿಕೆಯೇ. ಮರ ಹತ್ತುವವರು ಸಿಗದಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ಯಂತ್ರದಿಂದ ಮರ ಹತ್ತುವ ತರಬೇತಿ ಕೊಡತೊಡಗಿತು.

ಈಗ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಐ.ಟಿ., ರಿಟೇಲ್, ಆಟೊಮೊಬೈಲ್‌ನಂಥ ವೃತ್ತಿ ವಿಷಯಗಳಿವೆ. ಒಳ್ಳೆಯದೇ. ಆದರೆ ವಿಷಯ ಆರಿಸುವ ಮುನ್ನ ಶಾಲೆಯ ಸುತ್ತ ಏನಿದೆ ಎಂದು ಒಮ್ಮೆ ನೋಡಬೇಡವೇ? ತೆಂಗಿನ ನಾಡಿನ ಮಗು ತೆಂಗನ್ನು ಅರಿತು ಕಲಿಯಲಿ. ಕಲಿತ ಮೇಲೆ ತೋಟದಲ್ಲಿ ನಿಲ್ಲುವುದೋ, ಕಾರ್ಖಾನೆಗೆ ಹೋಗುವುದೋ, ಕಾಲೇಜು ಸೇರುವುದೋ, ಆ ಆಯ್ಕೆ ಮಗುವಿನದೇ ಆಗಿರಲಿ.