ಆಟಿಸಂ ಮತ್ತು ಪರಾನುಭೂತಿ

ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯದು, ಮರುಕವೂ ಕಡಿಮೆ ಎಂದು ಬಹುಕಾಲ ಒಂದೇ ಉಸಿರಿನಲ್ಲಿ ಬರೆಯುತ್ತ ಬಂದರು. ತಿಳಿಯುವುದು ಬೇರೆ, ಮರುಗುವುದು ಬೇರೆ. ಗೊಂದಲ ಹುಟ್ಟಿದ್ದು ಎರಡನ್ನೂ ಬೆರೆಸಿದ್ದರಿಂದ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ, ಜನರೊಡನೆ ಭಾವದ ನಂಟು ಬೆಳೆಸುವ ಶಕ್ತಿ ಅವರಿಗೆ ಹುಟ್ಟಿನಿಂದಲೇ ಕಡಿಮೆ ಎಂದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥ ಮಕ್ಕಳ ಬಗ್ಗೆಯೇ ಬರೆದರು. ಅದನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ್ದು 1981ರ ಲೋರ್ನಾ ವಿಂಗ್ ಲೇಖನ.

ಕೊರತೆಯ ವಾದಕ್ಕೆ ಪ್ರಯೋಗದ ಬಲ ಬಂದದ್ದು 1985ರಲ್ಲಿ. ಒಂದು ಗೊಂಬೆ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತದೆ, ಇನ್ನೊಂದು ಅದನ್ನು ಡಬ್ಬಿಗೆ ಸಾಗಿಸುತ್ತದೆ; ಮೊದಲನೆಯದು ಮರಳಿ ಬಂದು ಎಲ್ಲಿ ಹುಡುಕೀತು? ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಕೇಳಿದ ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ಸರಿಯಾಗಿ ಹೇಳಿದರು. ಆದರೆ ಸರಿ ಹೇಳಿದ ಉಳಿದ ನಾಲ್ವರನ್ನು ಈ ವಾದ ಎಲ್ಲಿ ಇಡುತ್ತದೆ? 1995ರಲ್ಲಿ ಪೀಟರ್ಸನ್ ಮತ್ತು ಸೀಗಲ್ ಇಂಥದೇ ಪ್ರಶ್ನೆಯನ್ನು ಕಿವುಡ ಮಕ್ಕಳಿಗೆ ಕೇಳಿದಾಗ ಅವರಲ್ಲೂ ಬಹುಪಾಲು ಸೋತರು. ಮನೆಯಲ್ಲಿ ಮಾತುಕತೆಯ ಕೊರತೆಯೂ ಇದೇ ಫಲ ಕೊಡಬಲ್ಲದು ಎಂದಾಯಿತು. 2010ರಲ್ಲಿ ಜೆಫ್ರಿ ಬರ್ಡ್ ತಂಡ ಇನ್ನೊಂದು ಗಂಟು ಬಿಡಿಸಿತು: ಆಪ್ತರ ನೋವಿಗೆ ಮಿದುಳು ತೋರುವ ಸ್ಪಂದನೆ ಕುಗ್ಗಿದ್ದು ಆಟಿಸಂಗೆ ಅನುಗುಣವಾಗಿ ಅಲ್ಲ, ತನ್ನ ಭಾವವನ್ನೇ ಗುರುತಿಸಲಾಗದ ಸ್ಥಿತಿಗೆ ಅನುಗುಣವಾಗಿ.

ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವುದು ಎರಡೂ ಕಡೆಯ ಕಷ್ಟ ಎಂದರು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಕತೆಯೊಂದನ್ನು ಬಾಯಿಂದ ಬಾಯಿಗೆ ದಾಟಿಸಿ ನೋಡಿತು. ಆಟಿಸಂ ಇರುವವರ ಸಾಲು ಉಳಿದವರ ಸಾಲಿನಷ್ಟೇ ನೆನಪಿಟ್ಟಿತು, ಮಿಶ್ರ ಸಾಲು ಹೆಚ್ಚು ಕಳೆದುಕೊಂಡಿತು. 2025ರ ದೊಡ್ಡ ಮರುಪ್ರಯೋಗದಲ್ಲಿ ಮಿಶ್ರ ಸಾಲಿನ ಸೋಲು ಕಾಣಲಿಲ್ಲ. ಮಿಲ್ಟನ್ ವಾದವೇ ಬಿತ್ತು ಎನ್ನುವವರಿದ್ದಾರೆ. ಕತೆ ದಾಟಿಸುವ ಕೌಶಲ ಭಾವದ ಅಳತೆಯಲ್ಲವಾದ್ದರಿಂದ ಅಷ್ಟು ದೂರ ಹೋಗಲಾಗದು. ಹಳೆಯ ಕೊರತೆಯ ವಾದಕ್ಕಂತೂ ಎರಡೂ ಪ್ರಯೋಗಗಳು ಆಸರೆ ಕೊಡುವುದಿಲ್ಲ.

ಭಾರತದಲ್ಲಿ ಈ ತಕರಾರು ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ತಾಗುತ್ತದೆ. ಅದಕ್ಕಾಗಿ ಆಟಿಸಂ ಅಳೆಯುವ 2009ರ ಐಎಸ್‌ಎಎ ಮಾಪಕದ 40 ಅಂಶಗಳಲ್ಲಿ ಭಾವಸ್ಪಂದನೆಯದೇ ಒಂದು ವಿಭಾಗ. ಪರೀಕ್ಷಕರು ಮಗುವನ್ನು ನೋಡಿ, ಹೆತ್ತವರನ್ನು ಕೇಳಿ ಅಂಕ ಹಾಕುತ್ತಾರೆ; ಅಳೆಯುವುದು ಹೊರಗೆ ಕಂಡದ್ದನ್ನು. ಕನ್ನಡ, ತೆಲುಗು, ತಮಿಳು ಮೂರೂ ನಡೆಯುವ ಹೊಸೂರು ಸೀಮೆಯ ತೊರಪಲ್ಲಿ ಅಗ್ರಹಾರದಂಥ ಊರಿನ ಮಗುವಿಗೆ ಪರೀಕ್ಷಕರ ಭಾಷೆ ಮನೆಮಾತಾಗದಿದ್ದರೆ, ಅದರ ಮೌನವೂ ಸ್ಪಂದನೆಯ ಕೊರತೆಯ ಲೆಕ್ಕಕ್ಕೆ ಸೇರಬಹುದು. ಹಾಗೆಂದು ಮಾಪಕವೇ ಬೇಡ ಎನ್ನುವಂತಿಲ್ಲ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಮೀಸಲಾತಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವೈಕಲ್ಯ ದೃಢಪಡಬೇಕು.